ಕಂದಕ ಬತ್ತಿಸಿದ ವರ್ಷ

ಎಲ್ಸೆಂಡೀಕ್ ಕೋಟೆ ನಿಂತಿರುವುದು ಮರದ ಗೂಟಗಳ ಮೇಲೆ. ಏಳುನೂರು ವರ್ಷದ ಹಿಂದೆ, ಹ್ಯಾಂಬರ್ಗಿನ ದಕ್ಷಿಣದ ಆ ಜೌಗು ನೆಲದಲ್ಲಿ ಮನೆ ಕಟ್ಟಲು ಹೊರಟ ಪಾಳೆಯಗಾರನೊಬ್ಬ ಓಕ್ ಮರದ ದಿಮ್ಮಿಗಳನ್ನು ಚೂಪು ಮಾಡಿಸಿ, ಒತ್ತೊತ್ತಾಗಿ ಕೆಸರಿಗೆ ಬಡಿಸಿ, ಅವುಗಳ ತಲೆಯ ಮೇಲೆ ಗೋಡೆ ಎಬ್ಬಿಸಿದ. ಸುತ್ತ ಕಂದಕ ತೋಡಿ ನೀರು ತುಂಬಿಸಿದ್ದು ಶತ್ರುಗಳ ಭಯಕ್ಕೆ. ಆ ಶತ್ರುಗಳೆಲ್ಲ ಸತ್ತು ಮಣ್ಣಾದ ಮೇಲೂ ಗೂಟಗಳನ್ನು ಕಾಯುತ್ತಾ ಬಂದದ್ದು ಆ ನೀರೇ. ನೀರಿನಲ್ಲಿ ಮುಳುಗಿ ಗಾಳಿ ಕಾಣದ ಮರ ಕೊಳೆಯುವುದಿಲ್ಲ. ಗಾಳಿ ಸೋಕಿತೋ, ಬಿಸಿಲು ಬಿತ್ತೋ, ಬೂಷ್ಟು ಹಿಡಿದು ಬೆಂಡಾಗಿಬಿಡುತ್ತದೆ.

ಈ ಮಾತನ್ನು ಫರ್ಹಾನಾ ನಡಾಫ್ ಎರಡು ವರ್ಷದಿಂದ ಎಲ್ಲರ ಕಿವಿಗೂ ಹಾಕುತ್ತಾ ಬಂದಿದ್ದಳು. ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುವವರ ಮಗಳು; ಹುಬ್ಬಳ್ಳಿಯಲ್ಲಿ ಸಿವಿಲ್ ಓದಿ, ಜರ್ಮನಿಗೆ ಬಂದು ಹಳೆಯ ಕಟ್ಟಡಗಳ ವಿಷಯದಲ್ಲೇ ಮತ್ತೆ ಓದಿ, ಈಗ ಹ್ಯಾಂಬರ್ಗಿನ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಕೆಲಸ. ಯಾವ ಗೋಡೆ ಎಷ್ಟು ಭಾರ ಹೊರುತ್ತಿದೆ, ಯಾವ ಬಿರುಕು ಬೆಳೆಯುತ್ತಿದೆ, ಯಾವುದು ಹಳೆಯದಾಗಿ ಸುಮ್ಮನಾಗಿದೆ ಎಂದು ನೋಡಿ ಹೇಳುವುದು ಅವಳ ಕೆಲಸ. ಎಲ್ಸೆಂಡೀಕ್‌ನಲ್ಲಿ ಎಲ್ಲಕ್ಕಿಂತ ಹಳೆಯದು ಪೂರ್ವ ಮೂಲೆಯ ಗೋಪುರ. ಅದು ಕಂದಕದ ಕಡೆಗೆ ವಾಲುತ್ತಿತ್ತು. ಚಳಿಗಾಲದಲ್ಲಿ ಪೂರ್ವ ಭಾಗದ ಕಂದಕಕ್ಕೆ ಅಡ್ಡಲಾಗಿ ಉಕ್ಕಿನ ತಗಡು ಬಡಿದು, ನೀರೆತ್ತಿ, ಬುಡದ ಕಲ್ಲುಗಳನ್ನು ಸರಿಪಡಿಸಿ, ಬಿಸಿಲು ಏರುವ ಮೊದಲೇ ಮತ್ತೆ ನೀರು ಬಿಡಬೇಕು. ಇದು ಅವಳದೇ ಯೋಜನೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವಳು ರಬ್ಬರ್ ಬೂಟು ಹಾಕಿಕೊಂಡು ಗೋಪುರದ ಬುಡದಲ್ಲಿ ಕೂತು, ಗೂಟಗಳ ತಲೆಗೆ ಒದ್ದೆ ಗೋಣಿ ಸುತ್ತುತ್ತಿದ್ದಳು. ಕೆಸರಿನಿಂದ ಕೊಳೆತ ಹಲಗೆಯ ಚೂರೊಂದು ಎದ್ದಿತ್ತು. ಅದನ್ನು ಎಳೆದಾಗ ಜೊತೆಗೆ ಕಂದು ಬಣ್ಣದ ಸಣ್ಣ ಸಣ್ಣ ಮೂಳೆಗಳು ಬಂದವು.

"ಯಶವಂತ್, ಸ್ವಲ್ಪ ಕೆಳಗ ಬಾ."

ಯಶವಂತ್ ಮೈಸೂರಿನ ಹುಡುಗ, ಅವಳ ಕಂಪನಿಯವನೇ. ದಡದ ಮೇಲೆ ಲೇಸರ್ ಯಂತ್ರ ನಿಲ್ಲಿಸಿಕೊಂಡು ಗೋಪುರದ ಕಲ್ಲುಗಳನ್ನು ಅಳೆಯುತ್ತಿದ್ದವನು ಏಣಿ ಇಳಿದು ಬಂದ.

"ಬಾತುಕೋಳೀದಿರ್ಬೇಕು ಅಕ್ಕ. ಇಲ್ಲಿ ಎಷ್ಟಿವೆ ನೋಡಿ."

ಅವಳೂ ಹಾಗೇ ಅಂದುಕೊಂಡಿದ್ದಳು. ಆದರೆ ಕೈಯಲ್ಲಿ ಇನ್ನೊಂದು ಇತ್ತು, ಒಡೆದ ಬಟ್ಟಲಿನ ಚೂರಿನಂಥದು. ಬೆರಳಿನಿಂದ ಕೆಸರು ಒರೆಸಿದಳು. ಒಳಗೆ ಕುಳಿ, ಹೊರಗೆ ಗುಂಡು, ಒಂದು ಅಂಚು ಮಾತ್ರ ಮೆತ್ತಗೆ ಕಚ್ಚುಕಚ್ಚಾಗಿ ಎಲ್ಲೂ ಕೂಡದೆ ನಿಂತಿತ್ತು. ಆ ಅಂಚನ್ನು ಅವಳ ಬೆರಳು ಅವಳಿಗಿಂತ ಮೊದಲು ಗುರುತಿಸಿತು. ಮಗಳು ಹಫ್ಸಾ ಹುಟ್ಟಿದಾಗ ಬಾಣಂತನಕ್ಕೆ ಬಂದಿದ್ದ ಅಮ್ಮ ದಿನಾ ಕೂಸಿನ ನೆತ್ತಿಗೆ ಎಣ್ಣೆ ತಟ್ಟುತ್ತಾ, ಇಲ್ಲೆ ಒತ್ತಬ್ಯಾಡ, ಇನ್ನೂ ಕೂಡಿಲ್ಲ, ಎಂದು ಅವಳ ಕೈ ಹಿಡಿದು ತೋರಿಸಿದ್ದರು.

"ಬಾತುಕೋಳಿ ಅಲ್ಲ ಇದು," ಎಂದಳು. "ಮ್ಯಾಲ ಹೋಗಿ ಎಲ್ಲಾರಿಗೂ ಕೆಲಸ ನಿಲ್ಲಸಾಕ ಹೇಳು."

ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬಂದರು, ಮಾರನೆಯ ದಿನ ಸರ್ಕಾರಿ ವಕೀಲರು. ಮೂಳೆಗಳು ಎಂಬತ್ತು ವರ್ಷದಷ್ಟು ಹಳೆಯವು, ಹಿಡಿಯಲು ಯಾರೂ ಬದುಕಿಲ್ಲ ಎಂದು ತೀರ್ಮಾನವಾದ ಮೇಲೆ ಅವರು ಹೋದರು. ಅವರ ಜಾಗಕ್ಕೆ ಉಟೆ ಹೆನ್ನಿಂಗ್ಸ್ ಬಂದಳು. ಐವತ್ತು ದಾಟಿದ ಪುರಾತತ್ತ್ವಜ್ಞೆ, ಒಡಕು ದನಿಯ ಸಣ್ಣ ಹೆಂಗಸು. ಬಿಳಿ ಡೇರೆ ಹಾಕಿಸಿ, ಕೆಸರಿನಲ್ಲಿ ಮಂಡಿಯೂರಿ, ಚಮಚದಂಥ ಕರಣೆಯಿಂದ ಒಂದೊಂದೇ ಪದರ ಬಿಡಿಸತೊಡಗಿದಳು. ಮೊದಲ ವಾರದಲ್ಲೇ ಇನ್ನೂ ಮೂರು ಕೂಸುಗಳು ಸಿಕ್ಕವು. ಹಲಗೆಯ ಚೂರುಗಳು ಮಾರ್ಗರಿನ್ ಎಂಬ ಕೃತಕ ಬೆಣ್ಣೆ ತುಂಬಿ ಬರುತ್ತಿದ್ದ ಪೆಟ್ಟಿಗೆಗಳವು.

ಉಟೆಗೆ ನೋಡಿದ ಕೂಡಲೇ ಅರ್ಥವಾಗಿತ್ತು. ಒಂದು ದಿನ ಊಟದ ಬಿಡುವಿನಲ್ಲಿ ಫರ್ಹಾನಾಗೆ ಹೇಳಿದಳು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೋಲೆಂಡ್, ಉಕ್ರೇನ್ ಕಡೆಯಿಂದ ಹರೆಯದ ಹೆಣ್ಣುಗಳನ್ನು ಹಿಡಿದು ತಂದು ಇಲ್ಲಿನ ಸಕ್ಕರೆ ಬೀಟಿನ ಹೊಲಗಳಿಗೆ, ಕಾರ್ಖಾನೆಗಳಿಗೆ ಹಚ್ಚಿದ್ದರು. ಅವರಿಗೆ ಮಕ್ಕಳಾದರೆ ಕೆಲಸಕ್ಕೆ ಅಡ್ಡಿ. ಹಾಗಾಗಿ ಹೆತ್ತ ಕೆಲವೇ ದಿನಕ್ಕೆ ಕೂಸನ್ನು ಕಿತ್ತುಕೊಂಡು ಒಂದು ಕಡೆ ಕೂಡಿಹಾಕುತ್ತಿದ್ದರು. ಹೆಸರಿಗೆ ಆರೈಕೆಯ ಮನೆ. ಹಾಲಿಲ್ಲ, ಬೆಂಕಿಯಿಲ್ಲ.

"ಈ ಸೀಮೆಯಲ್ಲಿ ಅಂಥವು ಹಲವು ಇದ್ದವು. ಎಲ್ಸೆಂಡೀಕ್‌ನಲ್ಲೂ ಇತ್ತು ಅಂತ ಮಾತ್ರ ಯಾರೂ ಬಾಯಿ ಬಿಟ್ಟಿರಲಿಲ್ಲ," ಎಂದಳು ಉಟೆ.

ಕೋಟೆಯ ಟ್ರಸ್ಟ್ ಅಚ್ಚು ಹಾಕಿಸಿದ್ದ ಕೈಪಿಡಿಯಲ್ಲಿ ಸ್ವೀಡಿಷ್ ಸೈನ್ಯ ಬೆಂಕಿ ಇಟ್ಟದ್ದಕ್ಕೆ ಎರಡು ಪುಟವಿತ್ತು, ಯಾವುದೋ ಡ್ಯೂಕ್ ಒಂದು ರಾತ್ರಿ ಉಳಿದದ್ದಕ್ಕೆ ಒಂದು ಪುಟ. ಆ ಯುದ್ಧಕ್ಕೆ ಒಂದೇ ಸಾಲು: ಕೋಟೆಗೆ ಹಾನಿಯಾಗದೆ ಆ ವರ್ಷಗಳು ಕಳೆದವು.

ಅಂದು ಸಂಜೆ ಹ್ಯಾಂಬರ್ಗಿನ ಬಾರ್ಮ್‌ಬೆಕ್ ಬಡಾವಣೆಯ ಮನೆಯಲ್ಲಿ ಅವಳು ಇದನ್ನೆಲ್ಲ ಗಂಡ ಸಿಕಂದರ್‌ಗೆ ತಗ್ಗಿದ ದನಿಯಲ್ಲೇ ಹೇಳಿದಳು. ಅವನು ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್, ಗದಗಿನವನು. ಇಬ್ಬರ ಮನೆಮಾತೂ ಕನ್ನಡವೇ. ಒಂಬತ್ತರ ಹಫ್ಸಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಜರ್ಮನ್‌ನಲ್ಲಿ. ಪಕ್ಕದ ಕೋಣೆಯಲ್ಲಿ ಬರೆಯುತ್ತಿದ್ದಾಳೆ ಅಂದುಕೊಂಡಿದ್ದರು. ಅವಳು ಬಾಗಿಲಲ್ಲಿ ನಿಂತಿದ್ದಳು.

"ಮಾಮಾ, ವೋ ವಾರೆನ್ ಇರೆ ಮಾಮಾಸ್?" ಅಮ್ಮಾ, ಅವರ ಅಮ್ಮಂದಿರು ಎಲ್ಲಿದ್ದರು, ಎಂದು ಕೇಳಿದಳು.

"ಹೊಲದಾಗ ಇದ್ರವ್ವಾ. ಕೆಲಸಕ್ಕ," ಎಂದಳು ಫರ್ಹಾನಾ. ಅವಳೂ ಹಫ್ಸಾಗೆ ವರ್ಷ ತುಂಬುವ ಮೊದಲೇ ಕೀಟಾ ಎಂಬ ಇಲ್ಲಿನ ಶಿಶುವಿಹಾರದಲ್ಲಿ ಬಿಟ್ಟು ಕೆಲಸಕ್ಕೆ ಹೋದವಳು. ಮೊದಲ ದಿನ ಗೇಟಿನಾಚೆ ನಿಂತು ಒಳಗಿನ ಅಳು ಕೇಳಿ, ರೈಲಿನಲ್ಲಿ ಇಡೀ ದಾರಿ ಅತ್ತಿದ್ದಳು. ಸಂಜೆ ಹೋದಾಗ ಮಗು ನಗುತ್ತಾ ತೆವಳಿಕೊಂಡು ಬಂದಿತ್ತು.

ಏಪ್ರಿಲ್ ಆ ವರ್ಷ ಮಳೆ ತರಲಿಲ್ಲ. ಯಾರೂ ನೆನಪಿಟ್ಟುಕೊಂಡಿರದಂಥ ಬಿಸಿಲು. ಒದ್ದೆ ಗೋಣಿಗಳು ಮಧ್ಯಾಹ್ನಕ್ಕೆ ಒಣಗಿ ಬಿರುಸಾಗುತ್ತಿದ್ದವು. ಪೈಪು ಹಾಕಿಸಿ ಗೂಟಗಳ ಮೇಲೆ ನೀರು ಚಿಮುಕಿಸಿದರು, ಸಾಲಲಿಲ್ಲ. ಗೋಪುರದ ಬಿರುಕಿಗೆ ಅಂಟಿಸಿದ್ದ ಅಳತೆಪಟ್ಟಿಗಳು ದಿನದಿನಕ್ಕೂ ಸರಿಯತೊಡಗಿದವು. ಯಶವಂತ್ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ.

"ಅಕ್ಕ, ಇದು ವಾಲ್ತಾ ಇರೋದು ನಿಜ. ಮೇ ದಾಟಲ್ಲ ಇದು."

ಅವಳು ಗೋಪುರದ ಅಡಿಯ ನೆಲಕ್ಕೆ ಯಾರೂ ಕಾಲಿಡಬಾರದೆಂದು ಕೆಂಪು ಪಟ್ಟಿ ಕಟ್ಟಿಸಿದಳು. ಉಟೆಯ ಅಗೆತ ಅಲ್ಲಿಗೆ ನಿಂತಿತು.

ಟ್ರಸ್ಟಿನ ಅಧ್ಯಕ್ಷ ರಾಡೆಮಾಖರ್ ನಿವೃತ್ತ ಶಾಲಾ ಮಾಸ್ತರ. ಕೋಟೆ ಹಾಳುಬಿದ್ದು ಛಾವಣಿಯಲ್ಲಿ ಮರ ಬೆಳೆದಿದ್ದ ಕಾಲದಲ್ಲಿ ಬಂದು, ಹನ್ನೆರಡು ವರ್ಷ ತನ್ನ ಕೈಯಾರೆ ಕಸ ಬಳಿದು, ಸೂರು ಕಟ್ಟಿಸಿ, ಹೆಂಡತಿ ತೀರಿಕೊಂಡ ಮೇಲೆ ಅಲ್ಲೇ ಒಂದು ಕೋಣೆಯಲ್ಲಿ ಇದ್ದುಬಿಟ್ಟಿದ್ದವರು. ಅವರು ಕೆಟ್ಟವರಲ್ಲ. ಮೊದಲ ಕೂಸು ಸಿಕ್ಕ ದಿನ ಟೋಪಿ ತೆಗೆದು ಮಳೆಯಲ್ಲಿ ನಿಂತಿದ್ದರು. ಆದರೆ ಈಗ ಫರ್ಹಾನಾಳನ್ನು ಪಕ್ಕಕ್ಕೆ ಕರೆದು, "ನೀರು ಬಿಡಿಸಿ," ಎಂದರು. "ಆ ಮಕ್ಕಳನ್ನು ನಾವು ಬದುಕಿಸಲಾರೆವು. ಗೋಪುರವನ್ನು ಬದುಕಿಸಬಹುದು. ಅಲ್ಲೊಂದು ಕಲ್ಲು ನೆಡುತ್ತೇನೆ, ಮಾತು ಕೊಡುತ್ತೇನೆ. ಮುಂದೆ ಯಾವತ್ತಾದರೂ ಮತ್ತೆ ಅಗೆಯಬಹುದು."

ಮತ್ತೆ ಅಗೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಒಮ್ಮೆ ಒಣಗಿ ಒಮ್ಮೆ ನೆಂದ ಗೂಟಗಳು ಇನ್ನೊಂದು ಸಲ ಗಾಳಿ ಕಂಡರೆ ತಾಳುವುದಿಲ್ಲ. ಈ ಸಲ ನೀರು ಬಿಟ್ಟರೆ ಕಂದಕ ಮುಚ್ಚಿದಂತೆಯೇ.

ಕೆಂಪು ಪಟ್ಟಿ ಕಟ್ಟಿದ ದಿನದಿಂದ ಒಬ್ಬ ಮುದುಕಿ ಸೇತುವೆಯ ಕಟಕಟೆ ಹಿಡಿದು ನಿಲ್ಲುತ್ತಿದ್ದಳು. ಗಾಲಿಯ ಊರುಗೋಲು ತಳ್ಳಿಕೊಂಡು ಬರುವುದು, ಡೇರೆಯನ್ನೇ ನೋಡುತ್ತಾ ನಿಲ್ಲುವುದು, ಹೋಗುವುದು. ಹೆಸರು ಹೆರ್ಟಾ ಲ್ಯೂಡರ್ಸ್, ವಯಸ್ಸು ತೊಂಬತ್ತರ ಹತ್ತಿರ, ಮನೆ ಕೋಟೆಯ ಹೆಬ್ಬಾಗಿಲಿನ ಪಕ್ಕದಲ್ಲೇ. ಉಟೆ ಎರಡು ಸಲ ಮಾತಾಡಿಸಲು ಹೋದಾಗ ಬಾಗಿಲು ತೆರೆದಿರಲಿಲ್ಲ. ಒಂದು ಮಧ್ಯಾಹ್ನ ಅವಳೇ ಫರ್ಹಾನಾಗೆ ಕೈ ಸನ್ನೆ ಮಾಡಿದಳು.

ತನ್ನ ಅಡುಗೆಮನೆಯ ಮೇಜಿನ ಮೇಲೆ ಕಾಫಿ ಇಟ್ಟು, ಮುದುಕಿ ಎದುರು ಕೂತಳು.

"ನನ್ನನ್ನೇ ಯಾಕೆ ಕರೆದಿರಿ ಫ್ರೌ ಲ್ಯೂಡರ್ಸ್?" ಎಂದು ಫರ್ಹಾನಾ ಕೇಳಿದಳು.

"ನೀನು ಈ ಊರಿನವಳಲ್ಲ. ನಾಳೆ ಬೇಕರಿಯಲ್ಲಿ ನಿನ್ನ ಮುಖ ನೋಡಬೇಕಾಗಿಲ್ಲ."

ಆಮೇಲೆ ಹೇಳಿದಳು. ಆಗ ಅವಳಿಗೆ ಎಂಟು ವರ್ಷ. ಅವಳ ತಾಯಿ ಕೋಟೆಯ ಅಡುಗೆಯವಳು. ಕುದುರೆಲಾಯವನ್ನು ಖಾಲಿ ಮಾಡಿಸಿ ಕೂಸುಗಳನ್ನು ಅಲ್ಲಿ ಹುಲ್ಲಿನ ಬುಟ್ಟಿಗಳಲ್ಲಿ ಮಲಗಿಸಿದ್ದರು. ಹಸುವಿನ ಕೆನೆ ತೆಗೆದ ಹಾಲಿಗೆ ನೀರು ಬೆರೆಸಿ ದಿನಕ್ಕೆ ಎರಡು ಸಲ ಕೊಡಬೇಕೆಂದು ಮೇಲಿನವರ ಅಪ್ಪಣೆ. ಬೇಸಿಗೆಯಲ್ಲಿ ಆ ಹಾಲು ಹುಳಿಯಾಗುತ್ತಿತ್ತು. ಹುಳಿಯಾದದ್ದನ್ನೇ ಕೊಡುತ್ತಿದ್ದರು.

"ಇಡೀ ದಿನ ಅಳು ಕೇಳುತ್ತಿತ್ತು. ಈ ಅಡುಗೆಮನೆಯವರೆಗೂ ಕೇಳುತ್ತಿತ್ತು. ನಾವು ಅದಕ್ಕೆ ಒಗ್ಗಿಹೋಗಿದ್ದೆವು. ನಿಂತಾಗಲೇ ಅಮ್ಮ ತಲೆ ಎತ್ತುತ್ತಿದ್ದದ್ದು."

"ತಾಯಂದಿರು?"

"ಭಾನುವಾರ ಬರುತ್ತಿದ್ದರು. ಬಿಟ್ಟರೆ. ದೂರದ ಹೊಲಗಳಿಂದ ನಡೆದುಕೊಂಡು. ಒಬ್ಬಳು ನೆನಪಿದ್ದಾಳೆ. ಉಣ್ಣೆಯ ಟೋಪಿ ಹೆಣೆದು ತಂದಿದ್ದಳು, ಕೂಸಿಗೆ. ಕೂಸು ಗುರುವಾರವೇ ಹೋಗಿತ್ತು. ಅಮ್ಮ ಗೇಟಿನಲ್ಲೇ ಹೇಳಿದಳು. ಆ ಹುಡುಗಿಗೆ ಭಾಷೆ ಬರುತ್ತಿರಲಿಲ್ಲ. ನಗುನಗುತ್ತಾ ಟೋಪಿ ಮುಂದೆ ಹಿಡಿಯುತ್ತಾಳೆ, ಅಮ್ಮ ಹೇಳುತ್ತಾಳೆ, ಮತ್ತೆ ಹಿಡಿಯುತ್ತಾಳೆ. ಕೊನೆಗೆ ಅಮ್ಮ ತನ್ನ ಎರಡೂ ಕೈ ಕೆನ್ನೆಯ ಕೆಳಗಿಟ್ಟು ಕಣ್ಣು ಮುಚ್ಚಿ ತೋರಿಸಿದಳು. ಅವಳು ಕೂಸು ಮಲಗಿದೆ ಅಂದುಕೊಂಡಳು. ಎದ್ದೇಳುತ್ತದೆ ಅಂತ ಗೇಟಿನ ಹೊರಗೆ ಕೂತಳು. ಕತ್ತಲಾಗುವವರೆಗೂ ಕೂತಿದ್ದಳು."

ಫರ್ಹಾನಾಳ ಕಾಫಿ ಹಾಗೇ ಆರಿಹೋಗಿತ್ತು.

"ಎಷ್ಟು ಮಕ್ಕಳು, ಫ್ರೌ ಲ್ಯೂಡರ್ಸ್?"

"ನನಗೆ ಎಣಿಸಲು ಬರುತ್ತಿತ್ತು," ಎಂದಳು ಮುದುಕಿ. "ಎಣಿಸಲಿಲ್ಲ."

ಹೂಳುತ್ತಿದ್ದದ್ದು ಎಲ್ಲಿ ಎಂದು ಕೇಳುವ ಮೊದಲೇ ಅವಳು ಹೇಳಿದಳು. ಆಗ ಕಂದಕದ ನೀರು ಇಷ್ಟು ಮೇಲಿರಲಿಲ್ಲ. ಗೋಪುರದ ಬುಡಕ್ಕೆ ಹತ್ತಿ ಒಂದು ಮಣ್ಣಿನ ದಂಡೆ ಇತ್ತು. ಚರ್ಚಿನ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ದಂಡೆಯ ಮಣ್ಣು ಮೆತ್ತಗಿತ್ತು. ಗೋಪುರದ ಗೋಡೆಗೆ ಒತ್ತಿದಂತೆ, ಈ ಮೂಲೆಯಿಂದ ಆ ಮೂಲೆಯವರೆಗೂ ಸಾಲಾಗಿ. ಯುದ್ಧ ಸೋತು ಇಂಗ್ಲಿಷ್ ಸೈನಿಕರು ಬರುತ್ತಾರೆಂದು ಸುದ್ದಿಯಾದಾಗ ಊರಿನ ಗಂಡಸರು ಸೇರಿ ತೂಬಿನ ಹಲಗೆ ಎತ್ತರಿಸಿದರು. ಮೂರು ದಿನದಲ್ಲಿ ದಂಡೆ ಮುಳುಗಿತು. ಕೇಳಿದವರಿಗೆ ಮೀನು ಸಾಕಲು ಎಂದರು.

"ನನ್ನ ಅಪ್ಪನೂ ಅವರಲ್ಲಿ ಒಬ್ಬ," ಎಂದಳು.

ಫರ್ಹಾನಾಗೆ ಗೋಪುರದ ಬುಡ ನೆನಪಾಯಿತು. ಗೋಪುರದ ಕಲ್ಲಿನ ಮೇಲೆ ನೀರು ನಿಂತ ಗೆರೆಗಳು ಎರಡಿದ್ದವು: ಶತಮಾನಗಳ ಪಾಚಿ ಕಟ್ಟಿದ್ದ ಒಂದು ಕೆಳಗಿನ ಗೆರೆ, ಅದಕ್ಕಿಂತ ಒಂದು ಮಾರು ಮೇಲೆ ಇನ್ನೊಂದು, ಹೊಸದು. ಗೋಪುರ ಯಾಕೆ ವಾಲುತ್ತಿದೆ ಎಂದು ಹುಡುಕುವಾಗ ಅವಳು ಆ ಮೇಲಿನ ಗೆರೆಯ ಬಗ್ಗೆ ವಿಚಾರಿಸಿದ್ದಳು. ಹೆಚ್ಚಾದ ನೀರು ಅದುವರೆಗೆ ನೀರು ಕಾಣದಿದ್ದ ಕಲ್ಲುಗಳಿಗೆ ನುಗ್ಗಿ ಗಾರೆ ತಿಂದು ಗೋಪುರವನ್ನು ಸಡಿಲ ಮಾಡಿತ್ತು. ಅವಳಿಗೂ ಆಗ ಸಿಕ್ಕಿದ್ದು ಅದೇ ಉತ್ತರ, ಮೀನು.

ಉಟೆಗೆ ಹೇಳಿದಾಗ ಅವಳು ಕೆಂಪು ಪಟ್ಟಿಯ ಆಚೆ ನೋಡುತ್ತಾ ನಿಂತುಬಿಟ್ಟಳು. "ನಾವು ತೆಗೆದದ್ದು ಸಾಲಿನ ತುದಿ ಮಾತ್ರ," ಎಂದಳು. "ದಂಡೆ ಗೂಟಗಳ ಮಟ್ಟಕ್ಕೆ ಕುಸಿದಿದೆ. ಉಳಿದವರೆಲ್ಲ ಗೋಪುರದ ಅಡಿಯಲ್ಲೇ ಇದ್ದಾರೆ."

ಮುಂದಿನ ವಾರ ಸಭೆ ಗೊತ್ತಾಯಿತು. ಪುರಾತನ ಕಟ್ಟಡಗಳ ಇಲಾಖೆಯವರು ಬಂದು ನಿರ್ಧಾರ ಹೇಳುತ್ತಾರೆ, ಎಂಜಿನಿಯರ್ ಆಗಿ ಫರ್ಹಾನಾ ಮಾತಾಡಬೇಕು. ಅವಳ ಕಂಪನಿಯ ಮಾಲೀಕ ಕ್ಲಾಸೆನ್ ಹಿಂದಿನ ದಿನ ಕೋಣೆಗೆ ಕರೆದ.

"ಎರಡೇ ಮಾತು ಹೇಳಿ, ಸಾಕು," ಎಂದ. "ಕಂದಕ ಒಣಗಿಯೇ ಇದ್ದರೆ ಗೋಪುರ ಬೀಳುತ್ತದೆ. ನೀರು ಬಂದರೆ ನಿಲ್ಲುತ್ತದೆ. ಎರಡೂ ನಿಜ ತಾನೇ?"

"ನಿಜ."

"ಅಷ್ಟಕ್ಕೇ ನಿಲ್ಲಿಸಿ."

ಎರಡೂ ನಿಜವೇ. ಮೂರನೆಯ ಮಾತೊಂದಿತ್ತು, ಅದನ್ನು ಯಾರೂ ಕೇಳಿರಲಿಲ್ಲ. ಗೂಟಗಳ ಮೇಲಿನ ಭಾರ ಇಳಿಸಿದರೆ ಗೂಟಗಳು ಏನಾದರೂ ಚಿಂತೆಯಿಲ್ಲ, ಎಷ್ಟು ತಿಂಗಳಾದರೂ ಅಗೆಯಬಹುದು. ಭಾರ ಇಳಿಸುವುದೆಂದರೆ ಗೋಪುರವನ್ನು ಕಲ್ಲು ಕಲ್ಲಾಗಿ ಬಿಚ್ಚುವುದು. ಅವಳು ಎರಡು ವರ್ಷ ಉಳಿಸಲು ಹೆಣಗಿದ ಗೋಪುರ. ಅದರ ಒಳಮೆಟ್ಟಿಲಿನ ಮೇಲೆ ಯಾವನೋ ಕಲ್ಲುಕುಟಿಗ ಕೆತ್ತಿದ್ದ ಸಣ್ಣ ಮೀನಿನ ಗುರುತನ್ನು ಅವಳು ಊರಿನಿಂದ ಬಂದ ಅಪ್ಪನಿಗೂ ತೋರಿಸಿದ್ದಳು.

ಯಶವಂತ್‌ಗೆ ಮೊದಲೇ ಹೇಳಿದಳು. ಅವನ ಮುಖ ಕಪ್ಪಿಟ್ಟಿತು.

"ಅಕ್ಕ, ಒಂದು ವರ್ಷದಿಂದ ಆ ಗೋಪುರದ ಒಂದೊಂದು ಕಲ್ಲೂ ಸ್ಕ್ಯಾನ್ ಮಾಡಿದೀನಿ ನಾನು. ಕಣ್ಣು ಮುಚ್ಚಿದ್ರೆ ಅದೇ ಕಾಣತ್ತೆ. ಈಗ ಬಿಚ್ಚಿಬಿಡಿ ಅಂತೀರ? ಒಂದ್ಸಲ ಬಿಚ್ಚಿದ್ರೆ ಯಾರ್ ಕಟ್ತಾರೆ?"

"ಯಾರೂ ಕಟ್ಟಲಿಕ್ಕಿಲ್ಲ."

"ಮತ್ತೆ? ಸತ್ತು ಎಂಬತ್ತು ವರ್ಷ ಆಯ್ತಲ್ಲ ಅಕ್ಕ. ಅವ್ರಿಗೆ ನೀರಲ್ಲಿದ್ರೇನು, ನೆಲದಲ್ಲಿದ್ರೇನು? ಬೇಜಾರ್ ಮಾಡ್ಕೋಬೇಡಿ, ಕೇಳ್ತಾ ಇದೀನಿ ಅಷ್ಟೆ."

"ಮುಚ್ಚಬೇಕಂತನ ನೀರು ಏರಿಸ್ಯಾರ ಯಶವಂತ್," ಎಂದಳು. "ಈಗ ನಾನು ಮತ್ತ ಏರಿಸಿದ್ರ, ಅವ್ರ ಕೆಲಸಾನ ನಾನು ಮಾಡಿದಂಗ."

ಸಿಕಂದರ್ ಬೇರೆ ರೀತಿಯಲ್ಲಿ ಹೇಳಿದ. ಮಗಳನ್ನು ಈಜಿಗೆ ಬಿಟ್ಟು ಇಬ್ಬರೂ ಹೊರಗೆ ಕಾರಿನಲ್ಲಿ ಕೂತಿದ್ದರು.

"ನೀ ಹೇಳೂದು ಖರೇ ಐತಿ. ಆದ್ರ ನಾಳೆ ಪೇಪರ್‌ನ್ಯಾಗ ಏನ್ ಬರ್ತದ ಗೊತ್ತದನ? ಕ್ವಾಟಿ ಉಳಸಾಕ ಬಂದಾಕಿ ಕ್ವಾಟಿ ಕೆಡವಿದ್ಲು ಅಂತ. ಅದೂ ನಮ್ಮಂಥ ಹೆಸರಿನಾಕಿ."

"ಗೊತ್ತದರೀ."

"ಹಂಗಂತ ಸುಮ್ಮನಿರು ಅನ್ನೂದಿಲ್ಲ ನಾ. ಗೊತ್ತಿದ್ದು ಮಾಡು ಅಷ್ಟ."

ಸಭೆ ಕೋಟೆಯ ದೊಡ್ಡ ಹಜಾರದಲ್ಲಿ ನಡೆಯಿತು. ಇಲಾಖೆಯಿಂದ ಬಂದ ಹೆಂಗಸು, ಊರಿನ ಮೇಯರ್, ರಾಡೆಮಾಖರ್, ಕ್ಲಾಸೆನ್, ಉಟೆ. ಹಿಂದೆ ಊರವರು ಗೋಡೆಗೊರಗಿ ನಿಂತಿದ್ದರು. ಫರ್ಹಾನಾ ಎದ್ದು ನಿಂತು ಮೊದಲ ಎರಡು ಮಾತನ್ನು ಹೇಳಿದಳು. ಕ್ಲಾಸೆನ್ ತಲೆಯಾಡಿಸಿದ. ರಾಡೆಮಾಖರ್ ನಿಟ್ಟುಸಿರು ಬಿಟ್ಟರು. ಇಲಾಖೆಯ ಹೆಂಗಸು ಪೆನ್ನಿನ ಮುಚ್ಚಳ ಹಾಕಿದಳು.

"ಇನ್ನೊಂದು ದಾರಿಯೂ ಇದೆ," ಎಂದಳು ಫರ್ಹಾನಾ. "ಗೋಪುರವನ್ನು ಬಿಚ್ಚಬಹುದು. ಆಗ ಕಂದಕ ಒಣಗಿಯೇ ಇರಲಿ, ಉಳಿದ ಕೋಟೆಗೆ ಏನೂ ಆಗುವುದಿಲ್ಲ. ಅದರ ಬುಡದಲ್ಲಿ ಇರುವ ಎಲ್ಲರನ್ನೂ ಹೊರಗೆ ತೆಗೆಯಬಹುದು."

ಎಲ್ಲರೂ ಒಟ್ಟಿಗೇ ದನಿ ಎತ್ತಿದರು. ಹಿಂದಿನಿಂದ ಒಬ್ಬ, ಯುದ್ಧದಲ್ಲಿ ಇಂಗ್ಲಿಷರ ಬಾಂಬು ಕೂಡ ಇದನ್ನು ಕೆಡವಿರಲಿಲ್ಲ, ಎಂದು ಕೂಗಿದ. ಬುಡದಲ್ಲಿ ಇನ್ನೂ ಮಕ್ಕಳಿದ್ದಾರೆಂದು ಯಾರು ಹೇಳಿದರು, ಎಂದು ಮೇಯರ್ ಕೇಳಿದ. ಫರ್ಹಾನಾ ಬಾಯಿ ತೆರೆಯಲಿಲ್ಲ. ಮುದುಕಿ ತನ್ನ ಹೆಸರು ಹೇಳಬೇಡವೆಂದು ಕೇಳಿಕೊಂಡಿದ್ದಳು.

"ನಾನು ಹೇಳಿದೆ."

ಬಾಗಿಲ ಬಳಿ ಊರುಗೋಲಿನ ಗಾಲಿ ಕಿರುಗುಟ್ಟಿತು. ಹೆರ್ಟಾ ಲ್ಯೂಡರ್ಸ್ ಒಳಗೆ ಬಂದಿದ್ದಳು. ಊರವರೆಲ್ಲ ಅವಳತ್ತ ತಿರುಗಿದರು. ಒಬ್ಬೊಬ್ಬರದೂ ಮನೆತನದ ಹೆಸರು ಅವಳಿಗೆ ಗೊತ್ತಿತ್ತು. ಯಾರ ಅಜ್ಜ ತೂಬಿನ ಹಲಗೆ ಹಿಡಿದಿದ್ದ, ಯಾರ ಅಜ್ಜ ಮೊಳೆ ಹೊಡೆದ ಎಂದು ಅವಳು ಅಲ್ಲೇ ನಿಂತು, ದನಿ ಏರಿಸದೆ ಹೇಳಿದಳು. ಮುಗಿಸಿ, ಬಂದಂತೆಯೇ ತಿರುಗಿ ಹೋದಳು. ಯಾರೂ ಬಾಗಿಲು ಹಿಡಿಯಲು ಮುಂದೆ ಬರಲಿಲ್ಲ.

ಇಲಾಖೆಯ ಹೆಂಗಸು ಪೆನ್ನಿನ ಮುಚ್ಚಳ ಮತ್ತೆ ತೆಗೆದು ಕೇಳಿದಳು: "ಬಿಚ್ಚಿದ್ದನ್ನು ಮತ್ತೆ ಕಟ್ಟಲು ಆಗುತ್ತದೆಯೆ?"

"ಕಟ್ಟಲು ಆಗುತ್ತದೆ," ಎಂದಳು ಫರ್ಹಾನಾ. "ಕಟ್ಟುತ್ತಾರೆ ಎಂದು ನಾನು ಮಾತು ಕೊಡಲಾರೆ."

ಅಪ್ಪಣೆ ಬರುವಷ್ಟರಲ್ಲಿ ಮೇ ಕಾಲಿಟ್ಟಿತ್ತು. ಕ್ರೇನ್ ಬಂತು, ಕಲ್ಲುಕೆಲಸದವರು ಬಂದರು. ಸಭೆಯಾದ ಮೇಲೆ ಮಾತು ಬಿಟ್ಟಿದ್ದ ಯಶವಂತ್ ಮೊದಲ ಕಲ್ಲು ಎತ್ತುವ ದಿನ ಬಣ್ಣದ ಡಬ್ಬ ಹಿಡಿದುಕೊಂಡು ಬಂದು ಏಣಿ ಹತ್ತಿದ. "ನಂಬರ್ ಹಾಕಕ್ಕೆ ನಾನೇ ಬೇಕಲ್ಲ," ಎಂದ, ಅವಳ ಕಡೆ ನೋಡದೆ. ತುದಿಯಿಂದ ಸುರುವಾಗಿ ಗೋಪುರ ದಿನಕ್ಕೊಂದಿಷ್ಟು ಕುಗ್ಗತೊಡಗಿತು. ರಾಡೆಮಾಖರ್ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪ್ರತಿ ಕಲ್ಲು ಇಳಿಯುವುದನ್ನೂ ನೋಡಿದರು. ಮೀನಿನ ಗುರುತಿನ ಕಲ್ಲು ಇಳಿದ ದಿನ ಎದ್ದು ಒಳಗೆ ಹೋದವರು ಅವತ್ತು ಮತ್ತೆ ಹೊರಗೆ ಬರಲಿಲ್ಲ. ಫರ್ಹಾನಾ ಕಿಟಕಿಯಿಂದ ಅವರ ಬೆನ್ನು ನೋಡಿದಳು. ಭುಜಗಳು ಅಲುಗುತ್ತಿದ್ದವು. ಒಳಗೆ ಹೋಗಿ ಏನಾದರೂ ಹೇಳಬೇಕೆನಿಸಿತು, ಹೋಗಲಿಲ್ಲ.

ಸಿಕಂದರ್ ಅಂದದ್ದಕ್ಕಿಂತ ಹೆಚ್ಚೇ ಆಯಿತು. ಬೇಕರಿಯ ಹೆಂಗಸು ಅವಳ ಹಿಂದೆ ನಿಂತವರಿಗೆ ಮೊದಲು ಬ್ರೆಡ್ ಕೊಡತೊಡಗಿದಳು. ಕಾರಿನ ಗಾಜಿಗೆ ಯಾರೋ ಕಂದಕದ ಕೆಸರು ಮೆತ್ತಿ, ಅದರಲ್ಲೇ ಬೆರಳಿನಿಂದ ಮನೆಗೆ ಹೋಗು ಎಂದು ಬರೆದರು. ಅವಳು ಪೈಪು ತಂದು ತೊಳೆದಳು. ಹೆರ್ಟಾ ಲ್ಯೂಡರ್ಸ್‌ಗೆ ನಲವತ್ತು ವರ್ಷದಿಂದ ಸಾಮಾನು ತಂದುಕೊಡುತ್ತಿದ್ದ ಪಕ್ಕದ ಮನೆಯವರು ಬರುವುದು ನಿಲ್ಲಿಸಿದರು. ಆಗಸ್ಟಿನಲ್ಲಿ ತಂಗಿಯ ಮಗಳು ಬಂದು ಅವಳನ್ನು ದೂರದ ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋದಳು.

ಗೋಪುರದ ಅಡಿಯ ಮಣ್ಣು ತೆರೆದಾಗ ಸಾಲು ಅಲ್ಲೇ ಇತ್ತು. ಮುದುಕಿ ಹೇಳಿದ ಹಾಗೆಯೇ, ಗೋಡೆಗೆ ಒತ್ತಿ. ಉಟೆ ಬೇಸಿಗೆಯಿಡೀ ಮಂಡಿಯ ಮೇಲೆ ಕಳೆದಳು. ಮೊದಲು ಸಿಕ್ಕವೂ ಸೇರಿ ಹತ್ತೊಂಬತ್ತು. ಜೌಗಿನ ಹುಳಿ ಮೂಳೆಗಳನ್ನು ಕಾಗದದಂತೆ ಮಾಡಿತ್ತು. ಕೆಲವು ಪೆಟ್ಟಿಗೆಗಳಲ್ಲಿ ಮೂಳೆಯೇ ಕರಗಿ, ಮಣ್ಣಿನ ಬಣ್ಣ ಮಾತ್ರ ಬೇರೆಯಾಗಿತ್ತು. ಹೆಸರು ಹೇಳುವಂಥದು ಏನೂ ಸಿಗಲಿಲ್ಲ.

ಕ್ಲಾಸೆನ್ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಕೋಟೆಗಳಿಂದ ಮಾತ್ರ ತೆಗೆದ. ಶರತ್ಕಾಲದಿಂದ ಅವಳು ಹ್ಯಾಂಬರ್ಗಿನ ಕಾಲುವೆಗಳ ಮೇಲಿನ ಸಣ್ಣ ಸೇತುವೆಗಳನ್ನು ತಪಾಸಣೆ ಮಾಡುತ್ತಿದ್ದಾಳೆ. ಎಲ್ಸೆಂಡೀಕ್‌ನ ಕಲ್ಲುಗಳು ಕೋಟೆಯ ಹಿಂದಿನ ಹುಲ್ಲುಗಾವಲಿನಲ್ಲಿ ಯಶವಂತ್ ಬರೆದ ನಂಬರುಗಳ ಸಮೇತ ಸಾಲಾಗಿ ಬಿದ್ದಿವೆ. ನಡುವೆ ತುರಿಕೆ ಗಿಡ ಎದ್ದಿದೆ. ಕಟ್ಟುವ ಮಾತನ್ನು ಯಾರೂ ಆಡುತ್ತಿಲ್ಲ.

ನವೆಂಬರಿನಲ್ಲಿ ಮಕ್ಕಳನ್ನು ಮಣ್ಣು ಮಾಡಿದರು, ಹಿಂದೆ ಜಾಗ ಕೊಡದಿದ್ದ ಚರ್ಚಿನ ಸ್ಮಶಾನದಲ್ಲೇ. ಸಣ್ಣ ಮಳೆ. ಊರಿನಿಂದ ಬೆರಳೆಣಿಕೆಯ ಜನ ಬಂದಿದ್ದರು. ರಾಡೆಮಾಖರ್ ಬಂದು ದೂರದಲ್ಲಿ ನಿಂತಿದ್ದರು. ಪೋಲೆಂಡಿನಿಂದ ಒಬ್ಬರೇ ಬಂದಿದ್ದರು, ಯಾನುಷ್ ಎಂಬ ಎಪ್ಪತ್ತೈದರ ಮುದುಕ. ಅವರ ತಾಯಿ ಈ ಸೀಮೆಯ ಹೊಲಗಳಲ್ಲಿ ದುಡಿದಿದ್ದಳು. ಸಾಯುವ ಮುಂಚೆ, ನಿನಗಿಂತ ಮೊದಲು ಒಬ್ಬನಿದ್ದ, ಕೋಟೆಯಲ್ಲಿ ಬಿಟ್ಟೆ, ಎಂದಿದ್ದಳಂತೆ. ಪತ್ರಿಕೆಯಲ್ಲಿ ಓದಿ ರಕ್ತದ ಮಾದರಿ ಕಳಿಸಿದ್ದರು. ಮೂಳೆಗಳು ಕೆಟ್ಟಿದ್ದರಿಂದ ಏನೂ ತಿಳಿಯಲಿಲ್ಲ.

"ನನ್ನ ಅಣ್ಣ ಯಾವುದು?" ಎಂದು ಅವರು ಮುರುಕು ಜರ್ಮನ್‌ನಲ್ಲಿ ಉಟೆಯನ್ನು ಕೇಳಿದರು.

"ಗೊತ್ತಿಲ್ಲ. ಇವರಲ್ಲಿ ಇದ್ದಾನೋ ಇಲ್ಲವೋ, ಅದೂ ಗೊತ್ತಿಲ್ಲ," ಎಂದಳು ಉಟೆ.

ಯಾನುಷ್ ತಲೆಯಾಡಿಸಿದರು. ಆಮೇಲೆ ಸಾಲಾಗಿ ಇಟ್ಟಿದ್ದ ಸಣ್ಣ ಪೆಟ್ಟಿಗೆಗಳ ಹತ್ತಿರ ಹೋಗಿ ಬಗ್ಗಿ, ಒಂದೊಂದರ ಮೇಲೂ ಅಂಗೈ ಇಟ್ಟು, ಒಂದೊಂದಕ್ಕೂ ಅದೇ ಒಂದು ಹೆಸರು ಹೇಳಿದರು. ಯಾವುದನ್ನೂ ಬಿಡಲಿಲ್ಲ. ಪಾದ್ರಿ ಕಾದರು. ಫರ್ಹಾನಾ ಸೆರಗಿನಂತೆ ಶಾಲು ತಲೆಗೆಳೆದುಕೊಂಡು, ತುಟಿಯೊಳಗೇ ಫಾತಿಹಾ ಓದಿದಳು. ಅವರು ಯಾವ ಧರ್ಮದ ಮಕ್ಕಳೋ, ತಪ್ಪಾಗಲಾರದು ಅನ್ನಿಸಿತು.

ಮುಗಿದ ಮೇಲೆ ಯಾನುಷ್‌ಗೆ ಸ್ಟೇಷನ್‌ಗೆ ಬಸ್ಸಿರಲಿಲ್ಲ. ಅವಳೇ ಕಾರಿನಲ್ಲಿ ಕೂರಿಸಿಕೊಂಡಳು.

"ನೀವು ಯಾರು?" ಎಂದು ದಾರಿಯಲ್ಲಿ ಕೇಳಿದರು. "ಇಲಾಖೆಯವರೋ?"

"ಇಲ್ಲ. ಎಂಜಿನಿಯರ್. ಗೋಪುರ ಬಿಚ್ಚಿಸಿದವಳು."

ಅವರು ಅವಳ ಮುಖ ನೋಡಿದರು. ಎರಡೂ ಕಡೆ ಬೀಟ್ ಹೊಲ. ಸಕ್ಕರೆ ಕಾರ್ಖಾನೆಗೆಂದು ಕಿತ್ತು ರಾಶಿ ಹಾಕಿದ ಗೆಡ್ಡೆಗಳು ಮಳೆಯಲ್ಲಿ ನೆನೆಯುತ್ತಿದ್ದವು. ಬಹಳ ದೂರ ಬಂದ ಮೇಲೆ ಅವರೇ, "ಅಮ್ಮ ಚಹಕ್ಕೆ ಸಕ್ಕರೆ ಹಾಕುತ್ತಿರಲಿಲ್ಲ," ಎಂದರು. "ನಾವು ಬಡವರು ಅದಕ್ಕೆ ಅಂದುಕೊಂಡಿದ್ದೆ. ಕೈಯಲ್ಲಿ ಸ್ವಲ್ಪ ಹಣ ಬಂದ ಮೇಲೂ ಹಾಕಲಿಲ್ಲ."

ರೈಲು ತಡವಾಗಿತ್ತು. ಪ್ಲಾಟ್‌ಫಾರ್ಮಿನ ಸೂರಿನ ಕೆಳಗೆ ಇಬ್ಬರೂ ನಿಂತರು. ಅವಳು ಯಂತ್ರದಿಂದ ಎರಡು ಲೋಟ ಚಹ ತಂದಳು. ಯಾನುಷ್ ಒಂದು ತೆಗೆದುಕೊಂಡು, ಬಿಸಿಗೆ ಎರಡೂ ಕೈ ಸುತ್ತಿ, ಕುಡಿಯದೆ ಹಿಡಿದುಕೊಂಡರು. ರೈಲು ಬಂದಾಗ ಲೋಟವನ್ನು ಅವಳಿಗೇ ಕೊಟ್ಟು ಹತ್ತಿದರು.